ಮೊದಲ ಗುಟುಕು ಚಿಕ್ಕವರಿಗೆ

ಬೆಳಗಿನ ಆರೂಕಾಲು. ಗ್ಯುಮ್ರಿ ಊರಿನ ಕಪ್ಪು ಕಲ್ಲಿನ ಬೀದಿಗಳ ಮೇಲೆ ಇನ್ನೂ ತೆಳ್ಳಗಿನ ಮಂಜಿನ ಪೊರೆ ಇದೆ. ಎರಡು ತಗಡಿನ ಬಕೆಟ್ ಹಿಡಿದವರೊಬ್ಬರು ಮನೆಯಿಂದ ಮನೆಗೆ ಹೋಗಿ ಅಡುಗೆಮನೆಯ ಕಿಟಕಿ ತಟ್ಟುತ್ತಿದ್ದಾರೆ. ನಾಳೆ ಈಸ್ಟರ್. ಪ್ರತಿ ಮನೆಯ ಒಲೆಯ ಮೇಲೂ ಈರುಳ್ಳಿ ಸಿಪ್ಪೆ ಕುದಿಯುತ್ತಿದೆ, ಅದರೊಳಗೆ ಮೊಟ್ಟೆಗಳು ಕೆಂಪಾಗುತ್ತಿವೆ. ಇವರಿಗೆ ಮೊಟ್ಟೆ ಬೇಡ. ಮೊಟ್ಟೆ ತೆಗೆದ ಮೇಲೆ ಪಾತ್ರೆಯಲ್ಲಿ ಉಳಿಯುವ ಕೆಂಪು ನೀರು ಬೇಕು.

"ಏನೋ ಓನಿಕ್, ಮೀಸೆಗೆ ಬಣ್ಣ ಹಾಕ್ಕೊಳ್ತೀಯಾ?" ಕಿಟಕಿಯಿಂದ ಒಬ್ಬಾಕೆ ಕೇಳುತ್ತಾರೆ.

"ಮೀಸೆಗಾದ್ರೆ ಒಂದು ಲೋಟ ಸಾಕಿತ್ತು ಅಕ್ಕ. ನಂಗೆ ಎರಡು ಬಕೆಟ್ ಬೇಕು."

"ಹಂಗಾದ್ರೆ ಹೆಂಡ್ತಿ ತಲೆಗೂ ಸೇರಿಸಿ ಅನ್ನು."

ಪಾತ್ರೆ ಬಗ್ಗುತ್ತದೆ, ಬಕೆಟ್‌ನಲ್ಲಿ ಕೆಂಪು ನೀರು ನಾಲ್ಕು ಬೆರಳು ಏರುತ್ತದೆ. ಓನಿಕ್ ಮುಂದಿನ ಕಿಟಕಿಗೆ ಹೋಗುತ್ತಾರೆ. ಒಂಬತ್ತು ಮನೆಗಳಾದ ಮೇಲೆ ಎರಡೂ ಬಕೆಟ್ ತುಂಬಿವೆ. ತುಳುಕದಂತೆ ಸಣ್ಣ ಹೆಜ್ಜೆ ಇಡುತ್ತ ಅವರು ಇಳಿಜಾರಿನ ಒಂದು ಬೀದಿಗೆ ತಿರುಗುತ್ತಾರೆ. ಅಲ್ಲಿ ಗೋಡೆಯ ಪಕ್ಕ ಕುಡಿಯುವ ನೀರಿನ, ಸೊಂಟದೆತ್ತರದ ಕಲ್ಲಿನ ಚಿಲುಮೆಯೊಂದು ಒಣಗಿ ನಿಂತಿದೆ. ಕಲ್ಲಿನ ಮೇಲೆ ಒಂದು ಹೆಸರು, ಅರ್ಶಾವಿರ್. ಸೋಮವಾರ ಬೆಳಿಗ್ಗೆಯೊಳಗೆ ಈ ಚಿಲುಮೆ ನಿರಪರಾಧಿ ಎಂದು ಓನಿಕ್ ತೋರಿಸಬೇಕು. ಇಲ್ಲದಿದ್ದರೆ ಅದರ ಬಾಯಿಗೆ ತಾವೇ ಸಿಮೆಂಟು ತುಂಬಬೇಕು.

ಓನಿಕ್ ಅವರಿಗೆ ಅರವತ್ತಮೂರು ವರ್ಷ. ಊರಿನ ನೀರು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಚಿಲುಮೆಗಳ ಕೆಲಸ ಅವರದೇ. ಅವರ ಪಾಲಿನವು ಅರವತ್ತನಾಲ್ಕು ಎಂದು ಅವರು ಹೇಳುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಯಲ್ಲಿ ಮೂರು ದಿನ ತಿರುಗಿದ ನನಗೆ ಅರವತ್ತೆರಡೇ ಸಿಕ್ಕವು. ಕೇಳಿದಾಗ, "ಎರಡು ಶಾಲೆ ಒಳಗಡೆ ಇವೆ, ನೀವು ಹೊರಗೇ ನಿಂತಿದ್ರಿ" ಎಂದರು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ನವೆಂಬರಿನಲ್ಲಿ ಹಿಮ ಹಿಡಿಯುವ ಮೊದಲು ಅರವತ್ತನಾಲ್ಕನ್ನೂ ಮುಚ್ಚಿ, ಕೊಳವೆಯೊಳಗೆ ಒಂದು ಹನಿಯೂ ನಿಲ್ಲದಂತೆ ಬರಿದು ಮಾಡಬೇಕು. ಏಪ್ರಿಲಿನಲ್ಲಿ ಒಂದೊಂದಾಗಿ ಮತ್ತೆ ತೆರೆಯಬೇಕು. ಒಂದನ್ನು ಮರೆತರೂ ಜನವರಿಯ ಚಳಿ ಕೊಳವೆಯನ್ನು ಸೀಳಿಬಿಡುತ್ತದೆ. ಅವರು ಹಾಗೆ ಮರೆತದ್ದು ಒಂದೇ ಸಲ, ಹದಿನಾಲ್ಕು ವರ್ಷದ ಹಿಂದೆ. ಯಾವ ಚಿಲುಮೆ, ಯಾವ ತಾರೀಖು ಎಂದು ಕೇಳುವ ಮೊದಲೇ ಹೇಳಿಬಿಡುತ್ತಾರೆ.

ನಮ್ಮೂರಿನಲ್ಲಿ ಅಡ್ಡಹೆಸರಿಲ್ಲದ ಮನುಷ್ಯ ಇಲ್ಲ. ಇವರು 'ಕಿವಿ ಓನಿಕ್'. ಹೆಗಲಿನ ಚೀಲದಲ್ಲಿ ಸದಾ ಒಂದು ಕೋಲು ಇರುತ್ತದೆ. ಏಪ್ರಿಕಾಟ್ ಮರದ್ದು, ಮೊಳಕ್ಕಿಂತ ಸ್ವಲ್ಪ ಉದ್ದ, ಹಿಡಿದು ಹಿಡಿದು ನುಣುಪಾದದ್ದು. ಅದರ ಒಂದು ತುದಿಯನ್ನು ರಸ್ತೆಯ ಕಬ್ಬಿಣದ ಮುಚ್ಚಳದ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಾರೆ. ನೆಲದಡಿಯಲ್ಲಿ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹಾಗೆ ಕೇಳಿ ಹೇಳುತ್ತಾರೆ. ಕಚೇರಿಯಲ್ಲಿ ಇದಕ್ಕೊಂದು ಯಂತ್ರವೂ ಇದೆ. ಯಂತ್ರ ತಂದ ವರ್ಷ ಅದರ ಮಾತು ಸರಿಯೇ ಎಂದು ನೋಡಲು ಇವರನ್ನೇ ಕರೆಸುತ್ತಿದ್ದರಂತೆ.

"ಬೆಳಿಗ್ಗೆ ಬೇಗ ಯಾಕೆ ಬರ್ತೀನಿ ಗೊತ್ತಾ?" ಎನ್ನುತ್ತಾರೆ ಅವರು. "ಹೊತ್ತೇರಿದ ಮೇಲೆ ಊರು ಬಾಯಿ ತೆರೆಯುತ್ತೆ. ಆಗ ನೀರಿನ ಮಾತು ಯಾರಿಗೂ ಕೇಳ್ಸಲ್ಲ."

ಅವರು ಮೊದಲಿನಿಂದ ನೀರಿನ ಕೆಲಸದವರಲ್ಲ. ಬಟ್ಟೆ ಗಿರಣಿಯಲ್ಲಿ ಮಗ್ಗಗಳನ್ನು ಸರಿಮಾಡುತ್ತಿದ್ದರು. ಎಂಬತ್ತೆಂಟರ ಡಿಸೆಂಬರಿನಲ್ಲಿ ನೆಲ ನಡುಗಿದಾಗ ಅವರಿಗೆ ಇಪ್ಪತ್ತಾರು. ಗಿರಣಿ ಬಿತ್ತು. ಅವರು ಹೊರಗೆ ಸಿಗರೇಟು ಸೇದುತ್ತಿದ್ದರು, ಹಾಗಾಗಿ ಉಳಿದರು. "ಸೇದ್ಬೇಡ ಸೇದ್ಬೇಡ ಅಂತ ಅಮ್ಮ ಬೈತಿದ್ಲು. ಆಮೇಲೆ ಯಾವತ್ತೂ ಬೈಲಿಲ್ಲ." ಎರಡನೆಯ ದಿನ ಬೀದಿಯೊಂದರಲ್ಲಿ ಒಡೆದ ಕೊಳವೆಯಿಂದ ನೀರು ಕೆಸರಿಗೆ ಹರಿದುಹೋಗುತ್ತಿತ್ತು. ಅತ್ತ ಜನ ಹಿಮ ಕರಗಿಸಿ ಕುಡಿಯುತ್ತಿದ್ದರು. ಓನಿಕ್ ತಮ್ಮ ಕೋಟನ್ನು ಹರಿದು ಬಿರುಕಿಗೆ ಸುತ್ತಿ, ತಂತಿ ಬಿಗಿದು, ಸಣ್ಣ ಧಾರೆಯೊಂದು ಮಾತ್ರ ಮೇಲೆ ಚಿಮ್ಮುವಂತೆ ಬಿಟ್ಟರು. ಆ ಧಾರೆಗೆ ಹನ್ನೊಂದು ದಿನ ಸಾಲು ನಿಂತಿತು. ಅದೇ ಅವರ ಮೊದಲ ಚಿಲುಮೆ. ಆಮೇಲೆ ಹೆಂಡತಿ ಮಕ್ಕಳೊಂದಿಗೆ ಹದಿನೇಳು ವರ್ಷ ತಗಡಿನ ಡಬ್ಬಿಮನೆಯಲ್ಲಿ ಬದುಕಿದರು. ಕೂಲಿ, ಗಾರೆ, ಒಲೆ ರಿಪೇರಿ, ಸಿಕ್ಕಿದ್ದನ್ನೆಲ್ಲ ಮಾಡಿದರು. ನೀರು ಕಚೇರಿಯಲ್ಲಿ ಕೆಲಸ ಸಿಕ್ಕಾಗ ಅವರಿಗೆ ನಲವತ್ತೊಂದು.

ಸೇರಿದ ವರ್ಷವೇ ಅವರ ಕೈಯಿಂದ ನೆಟ್ಟದ್ದು ಈ ಅರ್ಶಾವಿರ್ ಚಿಲುಮೆ. ನಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ನೀರು ಇಡುವುದು ಹಳೆಯ ರೂಢಿ. ಅರ್ಶಾವಿರ್ ಬಸ್ ಚಾಲಕ, ಅದೇ ಭೂಕಂಪದಲ್ಲಿ ಹೋದವರು. ಈ ಕಲ್ಲು ಇಡಿಸಿದ್ದು ಅವರ ಅಕ್ಕ ಪೆರ್ಚುಹಿ. ಹದಿನೈದು ವರ್ಷ ಹೊಲಿಗೆ ಮಾಡಿ ಕೂಡಿಸಿದ್ದರಲ್ಲಿ ಇಡಿಸಿದರು. ಈಗ ಅವರಿಗೆ ಎಪ್ಪತ್ತನಾಲ್ಕು. ಎದುರು ಮನೆಯಲ್ಲೇ ಇದ್ದಾರೆ. ಪ್ರತಿ ಭಾನುವಾರ ಎರಡು ಕೆಂಪು ಕಾರ್ನೇಷನ್ ಹೂ ತಂದು ಬೋಗುಣಿಯ ಅಂಚಿನಲ್ಲಿ ಇಡುತ್ತಾರೆ. ಸತ್ತವರಿಗೆ ಹೂವು ಜೋಡಿ ಲೆಕ್ಕದಲ್ಲೇ ಇರಬೇಕಲ್ಲ.

ಈ ಸಲ ಏಪ್ರಿಲ್ ಮೊದಲ ವಾರ ಚಿಲುಮೆ ತೆರೆದರು. ಐದೇ ದಿನಕ್ಕೆ ಪಕ್ಕದ ಮನೆಯ ಝಾವೆನ್ ಕಚೇರಿಗೆ ದೂರು ಬರೆದುಕೊಟ್ಟರು. ತಮ್ಮ ನೆಲಮಾಳಿಗೆಯ ಬೀದಿ ಬದಿಯ ಗೋಡೆ ಒದ್ದೆಯಾಗಿದೆ, ಚಿಲುಮೆಯಿಂದ ಚರಂಡಿಗೆ ಹೋಗುವ ಕೊಳವೆ ಒಡೆದಿದೆ, ಹೀಗೇ ಬಿಟ್ಟರೆ ಮನೆ ಕುಸಿಯುತ್ತದೆ ಎಂದು. ಒಮ್ಮೆ ಮನೆ ಬಿದ್ದದ್ದನ್ನು ಕಂಡ ಊರಿದು. ಗೋಡೆ ಒದ್ದೆ ಎಂದರೆ ಯಾರೂ ನಗುವುದಿಲ್ಲ. ಹಿರಿಯ ಎಂಜಿನಿಯರ್ ಬಂದು ನೋಡಿದರು, ಚಿಲುಮೆ ನಿಲ್ಲಿಸಿ ಎಂದರು. ಕಾರಣ ಬೇರೆ ಎಂದು ಸೋಮವಾರದೊಳಗೆ ಗೊತ್ತಾಗದಿದ್ದರೆ ಶಾಶ್ವತವಾಗಿ ಮುಚ್ಚಿ ಎಂದು ಬರೆದುಕೊಟ್ಟು ಹೋದರು. ಸೋಮವಾರವೆಂದರೆ ಈಸ್ಟರ್‌ನ ಮರುದಿನ. ಊರಿಗೆ ಊರೇ ಸಮಾಧಿಗಳಿಗೆ ಹೋಗುವ ದಿನ.

ನಿಲ್ಲಿಸಿ ಹತ್ತು ದಿನವಾಯಿತು, ಗೋಡೆ ಒಣಗಲಿಲ್ಲ. ಹಾಗೆಂದು ಓನಿಕ್ ಹೇಳಿದರೆ ಝಾವೆನ್ ಬಳಿ ಉತ್ತರ ಸಿದ್ಧವಿತ್ತು. "ಈ ಕಲ್ಲು ನೀರು ಕುಡಿದ್ರೆ ಒಂದು ತಿಂಗಳು ಬಿಡಲ್ಲ ಕಣಯ್ಯ. ನಿನಗೆ ಗೊತ್ತಿಲ್ವಾ?" ಗೊತ್ತಿತ್ತು. ಅದೇ ಓನಿಕ್ ಅವರ ಸಂಕಟ. ಕೋಲಿಟ್ಟು ಕೇಳಿದರು. ಏನೂ ಕೇಳಿಸಲಿಲ್ಲ. ಆದರೆ ಅದನ್ನೂ ಅವರು ನಂಬಲಿಲ್ಲ.

"ಒತ್ತಡದಲ್ಲಿ ಬರೋ ನೀರು ಮಾತಾಡುತ್ತೆ. ಕುಡಿದು ಉಳಿದು ಹರಿದುಹೋಗುತ್ತಲ್ಲ, ಅದು ಕಳ್ಳನ ಹಾಗೆ ಸದ್ದಿಲ್ದೆ ನಡೆಯುತ್ತೆ. ಆ ಕೊಳವೆ ಜೋಡಿಸಿದ್ದು ನಾನೇ. ಆಗ ಹೊಸಬ. ಸರಿಯಾಗಿ ಜೋಡಿಸಿದ್ನೋ ಇಲ್ವೋ, ದೇವರಾಣೆಗೂ ನೆನಪಿಲ್ಲ."

ನೀರಿಗೆ ಹಾಕಿ ನೋಡುವ ಬಣ್ಣದ ಪುಡಿ ಕಚೇರಿಯಲ್ಲಿ ಮುಗಿದಿದೆ, ಹಬ್ಬ ಕಳೆದ ಮೇಲೇ ಬರುವುದು. ಶುಕ್ರವಾರ ಸಂಜೆ ಹೆಂಡತಿ ಈರುಳ್ಳಿ ಸಿಪ್ಪೆ ಒಲೆಗಿಟ್ಟಾಗ ಓನಿಕ್ ಅವರಿಗೆ ಬಕೆಟ್‌ಗಳ ಯೋಚನೆ ಬಂದದ್ದು.

ಈಗ ಎಂಟೂವರೆ. ಏರ್ಪಾಡು ಸರಳ. ಚಿಲುಮೆಯ ಬೋಗುಣಿಗೆ ಕೆಂಪು ನೀರು ಸುರಿಯಬೇಕು, ಹಿಂದೆಯೇ ಬರೀ ನೀರು ಹಾಕಬೇಕು. ಕೊಳವೆ ಗಟ್ಟಿಯಿದ್ದರೆ, ನಲವತ್ತು ಹೆಜ್ಜೆ ಕೆಳಗೆ ಬೀದಿಯ ಮೂಲೆಯಲ್ಲಿರುವ ಚರಂಡಿ ಬಾಯಿಗೆ ಕೆಂಪು ಬರಬೇಕು. ಒಡೆದಿದ್ದರೆ ಝಾವೆನ್ ಅವರ ಗೋಡೆಗೆ. ಚರಂಡಿ ಬಾಯಿಯ ಕಾವಲಿಗೆ ಪೆರ್ಚುಹಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಮೊಣಕಾಲ ಮೇಲೆ ಕಂಬಳಿ. ಝಾವೆನ್ ನೆಲಮಾಳಿಗೆಗೆ ಇಳಿದಿದ್ದಾರೆ. ಕಪ್ಪು ಕಲ್ಲಿನ ಮೇಲೆ ಕೆಂಪು ಕಾಣುವುದಿಲ್ಲವೆಂದು ಗೋಡೆಯ ಬುಡಕ್ಕೆ ಒತ್ತಿ ಹಿಡಿಯಲು ಹೆಂಡತಿ ಶೋಘಿಕ್ ಅವರ ಬಿಳಿ ಹಾಸಿಗೆ ಹೊದಿಕೆ ಒಯ್ದಿದ್ದಾರೆ.

"ಮದುವೆಗೆ ಕೊಟ್ಟ ಹೊದಿಕೆ ಅದು!" ಶೋಘಿಕ್ ಮೆಟ್ಟಿಲ ಮೇಲಿಂದ ಕೂಗುತ್ತಾರೆ.

"ಮನೆ ಬಿದ್ಮೇಲೆ ಯಾವ ಹಾಸಿಗೆಗೆ ಹೊದಿಸ್ತೀಯೇ?" ಕೆಳಗಿಂದ ಝಾವೆನ್.

ಓನಿಕ್ ಮೊದಲ ಬಕೆಟ್ ಸುರಿಯುತ್ತಾರೆ. ಬೋಗುಣಿಯ ಕಲ್ಲು ಕೆಂಪಾಗುತ್ತದೆ, ತಿರುಗಣಿಯಾಗಿ ಸುತ್ತಿ ನೀರು ಒಳಗಿಳಿಯುತ್ತದೆ. ಎರಡನೆಯದು ಅರ್ಧಕ್ಕೆ ನಿಂತು ನಿಂತು ಇಳಿಯುತ್ತದೆ. ಅವರ ಹುಬ್ಬು ಗಂಟಿಕ್ಕುತ್ತದೆ. ಎದುರು ಮನೆಯಿಂದ ತಂದ ಬರೀ ನೀರನ್ನು ಸಣ್ಣಗೆ ಸುರಿಯುತ್ತಾರೆ. ನಲವತ್ತು ಹೆಜ್ಜೆಗೆ ಎರಡು ನಿಮಿಷ ಸಾಕು ಎಂದಿದ್ದರು. ಐದು ನಿಮಿಷವಾಗುತ್ತದೆ. ಎಂಟು.

"ಪೆರ್ಚುಹಿ ಅಕ್ಕ, ಬಂತಾ?"

"ಇಲ್ಲಪ್ಪಾ ಓನಿಕ್."

ಹತ್ತು ನಿಮಿಷ. ಓನಿಕ್ ಟೊಪ್ಪಿ ತೆಗೆಯುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ನೆಲಮಾಳಿಗೆಯಿಂದ ಝಾವೆನ್ ಅವರ ದನಿ ಕೇಳುತ್ತದೆ. "ಕೆಂಪು! ಬಂತು ನೋಡು ಕೆಂಪು! ನಾನು ಹೇಳ್ಲಿಲ್ವಾ!"

ಓನಿಕ್ ಒಂದು ಕ್ಷಣ ಕಲ್ಲಿಗೆ ಕೈ ಊರಿ ನಿಲ್ಲುತ್ತಾರೆ. ಆ ಕೈ ಅರ್ಶಾವಿರ್ ಎಂಬ ಹೆಸರಿನ ಮೇಲಿದೆ. ಕೆಳಗೆ ಪೆರ್ಚುಹಿ ಕುರ್ಚಿಯಿಂದ ಎದ್ದಿದ್ದಾರೆ. ಓನಿಕ್ ಅವರತ್ತ ನೋಡದೆ ಝಾವೆನ್ ಅವರ ಮನೆಯ ಮೆಟ್ಟಿಲಿಳಿಯುತ್ತಾರೆ. ನಾನೂ ಹಿಂದೆ ಇಳಿಯುತ್ತೇನೆ.

ನೆಲಮಾಳಿಗೆಯಲ್ಲಿ ಒಂದೇ ದೀಪ. ಗೋಡೆಗೊರಗಿ ಸೊಂಟದೆತ್ತರದ ಮಣ್ಣಿನ ಜಾಡಿ ಇದೆ. ಅದರ ಪಕ್ಕದಲ್ಲಿ ಝಾವೆನ್ ಹೊದಿಕೆ ಹರಡಿ ಹಿಡಿದಿದ್ದಾರೆ. ಬಿಳಿ ಬಟ್ಟೆಯ ನಡುವೆ ಅಂಗೈಯಷ್ಟಗಲ ಕೆಂಪು.

"ಸಾಕಾ?" ಎನ್ನುತ್ತಾರೆ ಝಾವೆನ್. ಗೆದ್ದವರ ದನಿಯಲ್ಲ ಅದು. "ನಂಗೂ ಖುಷಿಯಿಲ್ಲ ಓನಿಕ್. ಅರ್ಶಾವಿರ್ ಬಸ್ಸಲ್ಲಿ ನಾನೂ ಶಾಲೆಗೆ ಪಾಠ ಮಾಡೋಕೆ ಹೋಗ್ತಿದ್ದೆ. ಆದ್ರೆ ಮನೆ..."

ಓನಿಕ್ ಹೊದಿಕೆಯನ್ನು ದೀಪದ ಹತ್ತಿರ ಹಿಡಿಯುತ್ತಾರೆ. ತಮ್ಮ ಬೆರಳು ನೋಡಿಕೊಳ್ಳುತ್ತಾರೆ. ಬಕೆಟ್ ಬಣ್ಣ ಅಂಟಿದ ಬೆರಳು ಇಟ್ಟಿಗೆಯ ಕೆಂಪು, ಹೊದಿಕೆಯದು ಗುಲಾಬಿ. ಅವರು ಬಗ್ಗಿ ಗೋಡೆಯ ಬುಡದ ತೇವಕ್ಕೆ ಇನ್ನೊಂದು ಬೆರಳು ಒತ್ತುತ್ತಾರೆ, ತಟಕ್ಕನೆ ಬಾಯಿಗೆ ಇಟ್ಟುಕೊಳ್ಳುತ್ತಾರೆ.

"ಅಯ್ಯೋ, ಚರಂಡಿ ನೀರು ಕಣೋ!" ಶೋಘಿಕ್ ಮೆಟ್ಟಿಲಲ್ಲೇ ಕಿರುಚುತ್ತಾರೆ.

ಓನಿಕ್ ಕಣ್ಣು ಮುಚ್ಚಿ, ಕೋಲಿಗೆ ಕಿವಿ ಕೊಟ್ಟಂತೆಯೇ, ಬಾಯಿ ಚಪ್ಪರಿಸುತ್ತಾರೆ. "ಉಪ್ಪು" ಎನ್ನುತ್ತಾರೆ. ಇನ್ನೊಮ್ಮೆ ಬೆರಳು ಒತ್ತಿ ನೆಕ್ಕುತ್ತಾರೆ. "ಬೆಳ್ಳುಳ್ಳಿ." ಆಮೇಲೆ ಕಣ್ಣು ಬಿಟ್ಟು, "ಶೋಘಿಕ್, ಕೋಸಿಗೆ ಬೀಟ್‌ರೂಟ್ ಎಷ್ಟು ಹಾಕ್ತೀಯಮ್ಮ?"

ಎಲ್ಲರ ಕಣ್ಣೂ ಜಾಡಿಯತ್ತ ತಿರುಗುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನವೂ ಈ ಮನೆ ತಿಂದ ಕೋಸಿನ ಉಪ್ಪಿನಕಾಯಿ ಜಾಡಿ ಅದು. ಓನಿಕ್ ಮತ್ತು ಝಾವೆನ್ ಅದನ್ನು ಒಂದು ಗೇಣು ಈಚೆಗೆ ಸರಿಸುತ್ತಾರೆ. ಹಿಂಬದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು, ಮೇಲಿಂದ ಬುಡದವರೆಗೆ. ಬಿರುಕಿನುದ್ದಕ್ಕೂ ಗುಲಾಬಿ ಬಣ್ಣದ ಹನಿಗಳು ಸಾಲಾಗಿ ನಿಂತಿವೆ.

"ಇದನ್ನ ಇಲ್ಲಿಗೆ ಯಾವಾಗ ತಂದ್ರಿ?" ಓನಿಕ್ ಕೇಳುತ್ತಾರೆ.

ಝಾವೆನ್ ಗೋಡೆ ನೋಡುತ್ತಾರೆ. ಉತ್ತರ ಶೋಘಿಕ್ ಅವರಿಂದ ಬರುತ್ತದೆ. "ಚಿಲುಮೆ ಬಿಟ್ಟ ವಾರವೇ! ಬಿಸಿಲು ಬಂತು, ಕೊಟ್ಟಿಗೇಲಿಟ್ರೆ ಹುಳಿಯಾಗುತ್ತೆ ಅಂತ ಒಬ್ಬನೇ ಎಳ್ಕೊಂಡು ಬಂದ. ಕೊನೇ ಮೆಟ್ಟಿಲಲ್ಲಿ ಧಡ್ ಅಂತು. ಏನಾಯ್ತೂ ಅಂದ್ರೆ ಏನೂ ಇಲ್ಲ ಅಂದ. ಅವತ್ತಿಂದ ದಿನಕ್ಕೊಂದು ತಂಬಿಗೆ ಉಪ್ಪುನೀರು ಹಾಕ್ತಿದಾನೆ. ಯಾಕೋ ಅಂದ್ರೆ ಏನಂದ ಗೊತ್ತಾ? 'ಈ ವರ್ಷ ಕೋಸಿಗೆ ಬಾಯಾರಿಕೆ ಜಾಸ್ತಿ' ಅಂದ!"

"ಕೋಸು ಕುಡಿಯುತ್ತೆ ಕಣೇ, ನಮ್ಮಪ್ಪನೂ ಹಾಕ್ತಿದ್ದ..."

"ದಿನಾ ಒಂದು ತಂಬಿಗೇನಾ? ಅದೇನು ಕೋಸೋ, ನಿನ್ನ ತಮ್ಮನೋ?"

ಮೊದಲು ನಕ್ಕಿದ್ದು ಝಾವೆನ್ ಅವರೇ. ನಗುತ್ತ ನಗುತ್ತ ಜಾಡಿಗೆ ಒರಗಲು ಹೋಗಿ, ನೆನಪಾಗಿ ದೂರ ಸರಿಯುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಅವರು. ಕಣ್ಣೊರೆಸಿಕೊಂಡು ಹೇಳುತ್ತಾರೆ: "ಮನೆ ಬೀಳಲ್ಲ ಹಾಗಾದ್ರೆ."

"ಮನೆ ಬೀಳಲ್ಲ. ಜಾಡಿ ಬೀಳುತ್ತೆ, ಕಾಲು ಹುಷಾರು."

ಓನಿಕ್ ಮಾತ್ರ ಪೂರ್ತಿ ನಕ್ಕಿಲ್ಲ. ಗೋಡೆಯ ತೇವ ಜಾಡಿಯದು, ಸರಿ. ಆದರೆ ಎರಡು ಬಕೆಟ್ ಕೆಂಪು ನೀರು ಎಲ್ಲಿ ಹೋಯಿತು? ಮೆಟ್ಟಿಲು ಹತ್ತುವಾಗ ಅವರು ಅದನ್ನೇ ಗೊಣಗುತ್ತಿದ್ದಾರೆ. ಅರ್ಧ ಹತ್ತಿದಾಗ ಬೀದಿಯ ಕೊನೆಯಿಂದ ಪೆರ್ಚುಹಿ ಕೂಗುವುದು ಕೇಳುತ್ತದೆ.

"ಬಂತು ಓನಿಕ್! ಬಂತಪ್ಪಾ!"

ಚರಂಡಿ ಬಾಯಿಯಿಂದ ಈರುಳ್ಳಿ ಸಿಪ್ಪೆಯ ಇಟ್ಟಿಗೆಗೆಂಪು ನೀರು ಭರ್ರನೆ ಬರುತ್ತಿದೆ. ಅದರೊಂದಿಗೆ ಕಂದುಬಣ್ಣಕ್ಕೆ ತಿರುಗಿದ, ಒದ್ದೆಯಾದ ಮುದ್ದೆಯೊಂದು ಹೊರಬಂದು ಕಲ್ಲಿನ ಮೇಲೆ ಬಿಚ್ಚಿಕೊಂಡಿದೆ. ಪೆರ್ಚುಹಿ ಬಗ್ಗಿ ಅದನ್ನು ಬೆರಳಿನಿಂದ ಬಿಡಿಸುತ್ತಿದ್ದಾರೆ. ಒಣಗಿದ ಕಾರ್ನೇಷನ್ ಎಸಳುಗಳು. ಹೂ ಇಟ್ಟರೆ ಎಸಳು ಬೋಗುಣಿಗೆ ಉದುರುತ್ತದೆ, ನೀರು ಹರಿಯುತ್ತಿದ್ದರೆ ಹೇಗೋ ಕೊಚ್ಚಿ ಹೋಗುತ್ತದೆ. ಹತ್ತು ದಿನ ನೀರಿಲ್ಲದೆ ಅವು ಕೊಳವೆಯಲ್ಲಿ ಬೆಣೆಯಾಗಿ ಕೂತಿದ್ದವು.

"ಇವು ನನ್ನ ಹೂವಲ್ವಾ?" ಪೆರ್ಚುಹಿ ಕೇಳುತ್ತಾರೆ.

"ಯಾರದೋ ಇರ್ಬೇಕು ಅಕ್ಕ. ಗಾಳಿಗೆ ಎಲ್ಲಿಂದಾದ್ರೂ ಬರುತ್ತೆ."

"ಸುಳ್ಳು ಹೇಳ್ಬೇಡ. ಸೋಮವಾರ ಸೋಮವಾರ ನನ್ನ ಹೂ ಮಾಯ ಆಗುತ್ತಲ್ಲ, ಗಾಳಿ ಒಯ್ದಿರುತ್ತೆ ಅಂದ್ಕೊಂಡಿದ್ದೆ. ನೀನಾ?"

ಓನಿಕ್ ಟೊಪ್ಪಿ ಸರಿಮಾಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಸೋಮವಾರ ಬೆಳಗಿನ ಅವರ ಮೊದಲ ಕೆಲಸ ಅದು. ಎಸಳು ಉದುರುವ ಮೊದಲು ಹೂ ತೆಗೆಯುವುದು. ಬಿಸಾಡುವುದಿಲ್ಲ, ಮೇಲಿನ ಚರ್ಚಿನ ಗೋಡೆಯ ಮೇಲೆ ಇಟ್ಟು ಬರುತ್ತಾರೆ. ಕಳೆದ ಸೋಮವಾರ ಮಾತ್ರ ಒಣಚಿಲುಮೆಯ ಮುಂದೆ ನಿಲ್ಲಲಾಗದೆ ಬೇರೆ ಬೀದಿಯಿಂದ ಸುತ್ತಿ ಹೋಗಿದ್ದರು, ಅಷ್ಟೇ.

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ? ಅಂಚಿಗೆ ಇಡೋ ಬದ್ಲು ಬುಡಕ್ಕೆ ಇಡ್ತಿದ್ದೆ."

"ಹೇಗೆ ಹೇಳೋದು ಅಕ್ಕ, ನಿಮ್ಮ ತಮ್ಮನ ಹೂ ನಂಗೆ ತೊಂದ್ರೆ ಅಂತ?"

ಪೆರ್ಚುಹಿ ಎಸಳುಗಳನ್ನು ಶಾಲಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಅಳುತ್ತಿದ್ದಾರೆ. ಆದರೆ ಹತ್ತು ದಿನದಿಂದ ಬಿಗಿದುಕೊಂಡಿದ್ದ ಹೆಗಲು ಇಳಿದಿದೆ. ಝಾವೆನ್ ದೂರು ಹಿಂತೆಗೆದುಕೊಳ್ಳುವ ಕಾಗದವನ್ನು ಕಿಟಕಿಯ ಅಂಚಿನ ಮೇಲಿಟ್ಟು ಅಲ್ಲೇ ಬರೆಯುತ್ತಾರೆ. ಓನಿಕ್ ಹಿರಿಯ ಎಂಜಿನಿಯರ್‌ಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ನಮಗೂ ಕೇಳುವಷ್ಟು ಜೋರು ನಗು. "ತೆರಿ ಮಾರಾಯ, ತೆರಿ."

ನೀರಿನ ಕೀಲಿ ಎರಡು ಸುತ್ತು ತಿರುಗುತ್ತದೆ. ಚಿಲುಮೆ ಮೊದಲು ಕೆಮ್ಮುತ್ತದೆ, ಗಾಳಿ ಉಗುಳುತ್ತದೆ, ತುಕ್ಕಿನ ಬಣ್ಣದ ನೀರು ಎರಡು ಸಲ ಎಗರುತ್ತದೆ. ಆಮೇಲೆ ತಿಳಿನೀರಿನ ಸಣ್ಣ ಗೋಪುರ ಎದ್ದು ನಿಂತು ತನ್ನ ಪಾಡಿಗೆ ಮಾತಾಡತೊಡಗುತ್ತದೆ.

ಹೊಸದಾಗಿ ತೆರೆದ ಚಿಲುಮೆಯಲ್ಲಿ ಓನಿಕ್ ಎಂದೂ ಮೊದಲು ಕುಡಿದವರಲ್ಲ. ನೀರು ಚಿಕ್ಕವರದು ಎಂಬುದು ನಮ್ಮ ಹಿರಿಯರ ಮಾತು, ಅದನ್ನು ಅವರು ಕೆಲಸದ ನಿಯಮವೆಂದೇ ಹಿಡಿದಿದ್ದಾರೆ. ದಾರಿಯಲ್ಲಿ ಹೋಗುವ ಯಾವುದಾದರೂ ಮಗುವನ್ನು ಕರೆದು ಕುಡಿಸಿಯೇ ಮುಂದಿನ ಬೀದಿಗೆ ಹೋಗುವುದು. ಇಂದು ಬೀದಿಯಲ್ಲಿ ಮಕ್ಕಳಿಲ್ಲ, ಎಲ್ಲ ಒಳಗೆ ಮೊಟ್ಟೆಗಳ ಕಾವಲಿನಲ್ಲಿದ್ದಾರೆ.

"ಹಾಗಾದ್ರೆ ಇಲ್ಲಿರೋರಲ್ಲಿ ಚಿಕ್ಕವರು ಯಾರು?" ಓನಿಕ್ ಸುತ್ತ ನೋಡುತ್ತಾರೆ. ಝಾವೆನ್ ಅವರಿಗೆ ಅರವತ್ತೆಂಟು. ನನಗೆ ಅರವತ್ತಾರು. "ಶೋಘಿಕ್?"

"ಕೇಳ್ಬೇಡ. ನಾನು ನೀರು ಬಿಟ್ಟೇನು, ವಯಸ್ಸಿನ ಗುಟ್ಟು ಬಿಡಲ್ಲ."

"ನಂಗಿಂತ ಎರಡು ವರ್ಷ ಚಿಕ್ಕೋಳು" ಎನ್ನುತ್ತಾರೆ ಝಾವೆನ್, ಮುಂಗೈಗೆ ಏಟು ತಿನ್ನುತ್ತಾರೆ. ಎಲ್ಲರೂ ಓನಿಕ್ ಕಡೆ ತಿರುಗುತ್ತಾರೆ. ಅರವತ್ತಮೂರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸರದಿ ಅವರಿಗೇ ಬಂದಿದೆ. ಓನಿಕ್ ನಾಚಿಕೊಂಡು ಟೊಪ್ಪಿ ಕೈಗೆ ತೆಗೆದುಕೊಳ್ಳುತ್ತಾರೆ.

"ತಾಳಿ" ಎನ್ನುತ್ತಾರೆ ಪೆರ್ಚುಹಿ. "ಎಲ್ಲರಿಗಿಂತ ಚಿಕ್ಕೋನು ಅರ್ಶಾವಿರ್. ಅವನಿಗೆ ಇಪ್ಪತ್ತೊಂಬತ್ತು."

ಅವರು ಎರಡೂ ಕೈ ಜೋಡಿಸಿ ಬೊಗಸೆ ತುಂಬ ನೀರು ಹಿಡಿದು, ಕಲ್ಲಿನ ಮೇಲಿನ ಹೆಸರಿಗೆ ನಿಧಾನವಾಗಿ ಬಿಡುತ್ತಾರೆ. ಹತ್ತು ದಿನದ ದೂಳು ಹಿಡಿದಿದ್ದ ಅಕ್ಷರಗಳು ಕಪ್ಪಗೆ ಮಿಂಚುತ್ತವೆ. ಆಮೇಲೆ ಓನಿಕ್ ಬಾಗುತ್ತಾರೆ. ಬಹಳ ಹೊತ್ತು ಕುಡಿಯುತ್ತಾರೆ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆ ಎದ್ದು, ಕೋಲನ್ನು ಚೀಲಕ್ಕೆ ಸೇರಿಸುತ್ತಾರೆ. ಇನ್ನೂ ಏಳು ಚಿಲುಮೆ ತೆರೆಯುವುದು ಬಾಕಿ ಇದೆ, ನಾಳೆ ಹಬ್ಬ.

ನಿಮಗೆಂದು ಏನಾದರೂ ಆಸೆ ಇದೆಯೇ ಎಂದು ಬೀದಿಯ ತಿರುವಿನಲ್ಲಿ ಕೇಳುತ್ತೇನೆ. ಅವರು ಯೋಚಿಸಿ ಹೇಳುತ್ತಾರೆ: "ನಾನು ಹೋದ್ಮೇಲೆ ನನ್ನ ಹೆಸರಲ್ಲಿ ಚಿಲುಮೆ ಗಿಲುಮೆ ಇಡಿಸ್ಬೇಡಿ. ಪಾಪ, ರಿಪೇರಿಗೆ ಯಾರೋ ಬರ್ಬೇಕಾಗುತ್ತೆ." ನಾಲ್ಕು ಹೆಜ್ಜೆ ಹೋಗಿ, ಹಿಂದೆ ಕೇಳುತ್ತಿರುವ ನೀರಿನ ಸದ್ದಿಗೆ ತಲೆ ವಾಲಿಸಿ ನಿಲ್ಲುತ್ತಾರೆ. ಈ ಸಲ ಕೋಲು ಬೇಕಾಗಿಲ್ಲ.

"ಗಟ್ಟಿಯಾಗೇ ಜೋಡಿಸಿದ್ದೆ ಕಣ್ರೀ" ಎನ್ನುತ್ತಾರೆ. "ಹೊಸಬನಾದ್ರೂ."